ಒಡ್ಡಿನ ಹಿಂದೆ ಯಾರ ಮನೆ?

(ಗಿರಣಿ ಕೆಲಸಗಾರರು ಮತ್ತು ಚಿಲ್ಲರೆ ವ್ಯಾಪಾರಿಗಳು ಕೂಡಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಮಾತು ಒಬ್ಬ ಅಮೆರಿಕನ್ ಪ್ರೊಫೆಸರರ ಬಾಳಿನ ಕುರಿತು ಎಂದು ಅಧ್ಯಕ್ಷರು ಹೇಳಿದಾಗ, ಹಿಂದಿನ ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ಪಾಳಿ ಮುಗಿಸಿ, ಅಂಗಡಿ ಬಾಗಿಲು ಹಾಕಿ ಬಂದವರಿಗೆ ಅಮೆರಿಕೆಯ ಪಂಡಿತನೊಬ್ಬನ ಕತೆ ಏತಕ್ಕೆ? ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮಲ್ಲಿ ಎಷ್ಟೋ ಜನ ಮಲಪ್ರಭೆಯ ದಂಡೆಯ ಹಳ್ಳಿಗಳಿಂದ ಬಂದವರು. 2009ರಲ್ಲಿ ಹೊಳೆ ಮನೆ ಹೊಕ್ಕಿತು. 2019ರಲ್ಲಿ ಮತ್ತೆ ಹೊಕ್ಕಿತು. ಎರಡು ಸಲವೂ ಮಂತ್ರಿಗಳು ಬಂದರು, ನೋಡಿದರು, ‘ಇದು ದೈವದ ಮುನಿಸು’ ಎಂದು ಹೋದರು. ನಾನು ಹೇಳಲಿರುವ ಮನುಷ್ಯನು ತನ್ನ ಆಯುಷ್ಯದ ಎಪ್ಪತ್ತು ವರ್ಷಗಳನ್ನು ಈ ಒಂದೇ ಮಾತನ್ನು ಒರೆಗೆ ಹಚ್ಚಲು ಕಳೆದನು. ಮಳೆ ಮೇಲಿನಿಂದ ಬರುವುದು ನಿಜ. ನಷ್ಟ ಎಲ್ಲಿಂದ ಬರುತ್ತದೆ? ಅದೇ ಆತನ ಪ್ರಶ್ನೆ.

ಆತನ ಹೆಸರು ಗಿಲ್ಬರ್ಟ್ ವೈಟ್. 1911ರಲ್ಲಿ ಷಿಕಾಗೋ ನಗರದಲ್ಲಿ ಹುಟ್ಟಿ, 2006ರಲ್ಲಿ ಕೊಲೊರಾಡೊ ಸಂಸ್ಥಾನದ ಬೌಲ್ಡರ್ ಎಂಬ ಊರಿನಲ್ಲಿ ತೀರಿಕೊಂಡರು. ಓದಿದ್ದು ಭೂಗೋಳ. ನಮ್ಮ ಶಾಲೆಗಳಲ್ಲಿ ಭೂಗೋಳವೆಂದರೆ ರಾಜಧಾನಿಗಳ ಹೆಸರು ಬಾಯಿಪಾಠ ಮಾಡಿ ಮರೆಯುವ ವಿಷಯ. ವೈಟ್ ಅವರ ಕೈಯಲ್ಲಿ ಅದು ಬೇರೆಯೇ ಆಯಿತು.

ಮೊದಲು ಆ ದೇಶದ ಹೊಳೆಯ ಮಾತು ಸ್ವಲ್ಪ ಹೇಳಬೇಕು. ಮಿಸಿಸಿಪ್ಪಿ ದೊಡ್ಡ ಹೊಳೆ. ಅದರ ಎರಡೂ ದಂಡೆಗೆ ಮಣ್ಣಿನ ಒಡ್ಡು ಹಾಕಿಬಿಟ್ಟರೆ ಸಾಕು, ಬೇರೇನೂ ಬೇಡ ಎಂದು ಅಲ್ಲಿಯ ಸೈನ್ಯದ ಇಂಜಿನಿಯರುಗಳು ಬಹುಕಾಲ ಸಾಧಿಸುತ್ತ ಬಂದಿದ್ದರು. 1927ರಲ್ಲಿ ಆ ಒಡ್ಡುಗಳು ಒಂದಾದ ಮೇಲೊಂದು ಕಿತ್ತುಹೋದವು. ಲಕ್ಷಗಟ್ಟಲೆ ಜನ ಬೀದಿಗೆ ಬಿದ್ದರು. ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯುತ್ತಿದ್ದ ಕರಿಯ ಜನರನ್ನು ಒಡ್ಡಿನ ಮೇಲಿನ ಡೇರೆಗಳಲ್ಲೇ ಕೂಡಿಹಾಕಿ, ಬಂದೂಕಿನ ಕಾವಲಿನಲ್ಲಿ ದುಡಿಸಿಕೊಂಡರು. ಹಡಗು ಹತ್ತಿ ಹೋಗಗೊಟ್ಟರೆ ಮತ್ತೆ ಹತ್ತಿ ಬಿಡಿಸಲು ಯಾರು ಸಿಗುತ್ತಾರೆ ಎಂಬ ಚಿಂತೆ ಜಮೀನುದಾರರಿಗೆ! ಇನ್ನೊಂದು ಸಂಗತಿ ಕೇಳಿ. ನ್ಯೂ ಆರ್ಲಿಯನ್ಸ್ ನಗರದ ಬ್ಯಾಂಕಿನವರೂ ದೊಡ್ಡ ವರ್ತಕರೂ ತಮ್ಮ ಊರಿಗೆ ಅಪಾಯ ಬಂದೀತೆಂದು ಸರಕಾರದ ಒಪ್ಪಿಗೆ ಪಡೆದು, ಏಪ್ರಿಲ್ 29ರಂದು ಊರಿನ ಕೆಳಗಿನ ಒಡ್ಡನ್ನು ಸಿಡಿಮದ್ದಿಟ್ಟು ಒಡೆಸಿದರು. ನೀರು ಪಕ್ಕದ ಬಡ ಪ್ರಾಂತಗಳ ಮೇಲೆ ಹರಿಯಿತು. ಅಲ್ಲಿಯ ಬೆಸ್ತರಿಗೂ ಬೇಟೆಗಾರರಿಗೂ ತುಂಬಿಕೊಡುತ್ತೇವೆ ಎಂದ ಮಾತು ಬಹುಪಾಲು ಮಾತಾಗಿಯೇ ಉಳಿಯಿತು. ನಷ್ಟವು ಮೇಲಿನಿಂದ ಬರುತ್ತದೆಯೋ ಪಕ್ಕದಿಂದ ಬರುತ್ತದೆಯೋ ಎಂದು ನೀವೇ ಯೋಚಿಸಿ.

ಆಗ ವೈಟ್ ಹದಿನೈದು ವರ್ಷದ ಹುಡುಗ. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಓದಿ, 1934ರಲ್ಲಿ ಅವರು ವಾಷಿಂಗ್ಟನ್ನಿಗೆ ಹೋದರು. ಅದು ರೂಸ್‌ವೆಲ್ಟರ ಕಾಲ. ಗಿರಣಿಗಳು ಮುಚ್ಚಿ, ಬ್ಯಾಂಕುಗಳು ಮುಳುಗಿ, ಬಂಡವಾಳಶಾಹಿಯು ತಾನೇ ಕಟ್ಟಿದ ಮನೆಯಡಿ ಸಿಕ್ಕಿಕೊಂಡಿದ್ದ ಹೊತ್ತು. ಸರಕಾರವೇ ಮುಂದೆ ಬಂದು ಯೋಜನೆ ಹಾಕದೆ ಗತ್ಯಂತರವಿರಲಿಲ್ಲ. ಹೊಳೆಗಳ, ನೆಲದ, ನೀರಿನ ಯೋಜನೆಗಾಗಿ ರಚಿತವಾದ ಸಮಿತಿಗಳಲ್ಲಿ ವೈಟ್ ಹಲವು ವರ್ಷ ಕೆಲಸ ಮಾಡಿದರು. 1936ರಲ್ಲಿ ಪ್ರವಾಹ ನಿಯಂತ್ರಣ ಕಾಯಿದೆ ಬಂತು. ಅಣೆಕಟ್ಟು, ಒಡ್ಡುಗಳ ಭಾರವನ್ನು ಕೇಂದ್ರ ಸರಕಾರ ಹೊತ್ತುಕೊಂಡಿತು. ಮುಖ್ಯ ಷರತ್ತು ಇದು: ಲಾಭ ಯಾರಿಗೇ ಸೇರಲಿ, ಒಟ್ಟು ಲಾಭವು ಖರ್ಚಿಗಿಂತ ಹೆಚ್ಚಿರಬೇಕು.

ಕೇಳಲು ಇದು ನಿಮ್ಮ ಅಂಗಡಿಯ ಕಿರ್ದಿಯಷ್ಟೇ ನೇರವಾಗಿದೆ, ಅಲ್ಲವೆ? ಜಮೆ ಈ ಕಡೆ, ಖರ್ಚು ಆ ಕಡೆ. ಆದರೆ ಈ ಕಿರ್ದಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಹೊಳೆಯ ಒಂದು ದಂಡೆಗೆ ಎರಡು ಕೋಟಿಯ ಸರಕು ತುಂಬಿದ ಗೋದಾಮು ಇದೆ. ಎದುರು ದಂಡೆಗೆ ನಲವತ್ತು ಗುಡಿಸಲು. ಒಂದೊಂದಕ್ಕೆ ಐವತ್ತು ಸಾವಿರದಂತೆ ಒಟ್ಟು ಇಪ್ಪತ್ತು ಲಕ್ಷ. ಒಂದು ದಂಡೆಗೆ ಒಡ್ಡು ಹಾಕಲು ಒಂದು ಕೋಟಿ ಬೇಕು. ಲೆಕ್ಕಿಗನು ಒಡ್ಡನ್ನು ಯಾವ ಕಡೆ ಹಾಕಿಯಾನು? ಗೋದಾಮಿನ ಕಡೆಗೆ. ಹಾಕಿದ ಒಡ್ಡಿಗೆ ಬಡಿದ ನೀರು ಎಲ್ಲಿಗೆ ಹೋದೀತು? ಗುಡಿಸಲಿನ ಕಡೆಗೆ. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪಿಲ್ಲ. ತಪ್ಪು ಇರುವುದು ಏನನ್ನು ಎಣಿಸಿದರು ಎಂಬಲ್ಲಿ. ಗುಡಿಸಲಿನವನಿಗೆ ಆ ಐವತ್ತು ಸಾವಿರವೇ ಸರ್ವಸ್ವ. ಗೋದಾಮಿನ ಧಣಿಗೆ ಎರಡು ಕೋಟಿ ಹೋದರೂ ವಿಮೆ ಇದೆ, ಬ್ಯಾಂಕಿದೆ, ಬೇರೆ ಊರಿನಲ್ಲಿ ಇನ್ನೊಂದು ಗೋದಾಮೂ ಇದೆ. ಕಾಯಿದೆ ಬಂದ ವರ್ಷದಲ್ಲೇ ತರುಣ ವೈಟ್ ಈ ಲಾಭ-ಖರ್ಚಿನ ಲೆಕ್ಕದ ಮಿತಿಗಳನ್ನು ಕುರಿತು ಲೇಖನ ಬರೆದರು. ನಾನು ಹೇಳಿದಷ್ಟು ಕಟುವಾಗಿ ಅಲ್ಲ. ಅವರು ಸೌಮ್ಯ ಸ್ವಭಾವದವರು. ಆದರೆ ಲೆಕ್ಕವನ್ನು ನಂಬಿ ಸುಮ್ಮನೆ ಕೂರುವವರಲ್ಲ.

1942ರಲ್ಲಿ ಅವರು ಡಾಕ್ಟರೇಟಿಗಾಗಿ ಒಂದು ಪ್ರಬಂಧ ಬರೆದು ಮುಗಿಸಿದರು. 1945ರಲ್ಲಿ ಅದು ಅಚ್ಚಾಯಿತು. ಪ್ರವಾಹಕ್ಕೆ ಮನುಷ್ಯನು ಹೊಂದಿಕೊಳ್ಳುವ ಬಗೆಗಳು ಎಂಬುದು ಅದರ ವಿಷಯ. ಹೊಳೆಯನ್ನು ಕಟ್ಟಿಹಾಕುವುದು ಒಂದೇ ದಾರಿಯಲ್ಲ, ಒಟ್ಟು ಎಂಟು ದಾರಿಗಳಿವೆ ಎಂದು ಅವರು ತೋರಿಸಿದರು. ನೆಲವನ್ನೇ ಎತ್ತರಿಸಬಹುದು. ಮೇಲಿನ ಗುಡ್ಡಗಾಡಿನಲ್ಲಿ ಮಣ್ಣು, ಮರ ಕಾಪಾಡಿ ನೀರಿನ ಓಟ ತಗ್ಗಿಸಬಹುದು. ಅಣೆಕಟ್ಟು, ಒಡ್ಡು ಇದ್ದೇ ಇವೆ. ಮುನ್ಸೂಚನೆ ಕೊಟ್ಟು ಜನರನ್ನೂ ಸಾಮಾನನ್ನೂ ಮೊದಲೇ ಸಾಗಿಸಬಹುದು. ನೀರು ಬಂದರೂ ಕೆಡದ ಹಾಗೆ ಮನೆಯನ್ನೇ ಬೇರೆ ರೀತಿ ಕಟ್ಟಬಹುದು. ಹೊಳೆಯ ಬಯಲಿನಲ್ಲಿ ಮನೆಯ ಬದಲು ಹೊಲ ಅಥವಾ ಹುಲ್ಲುಗಾವಲು ಇಟ್ಟುಕೊಳ್ಳಬಹುದು. ಪರಿಹಾರ ಕೊಡಬಹುದು, ವಿಮೆ ಮಾಡಿಸಬಹುದು. ಇಂದು ಇದೆಲ್ಲ ಸಾಮಾನ್ಯ ಬುದ್ಧಿಯ ಮಾತೆನಿಸುತ್ತದೆ. ಆದರೆ ಅಂದು ಇಂಜಿನಿಯರುಗಳ ಎದುರಿಗೆ ಒಬ್ಬ ಭೂಗೋಳದ ಮೇಷ್ಟರು ನಿಂತು, ನಿಮ್ಮ ಕಾಂಕ್ರೀಟು ಎಂಟರಲ್ಲಿ ಒಂದು ಮಾತ್ರ ಎಂದದ್ದು ಸಣ್ಣ ಧೈರ್ಯವಲ್ಲ.

ಧೈರ್ಯದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ವೈಟ್ ಕ್ವೇಕರ್ ಪಂಗಡದವರು. ಶಸ್ತ್ರ ಹಿಡಿಯುವುದಿಲ್ಲ ಎಂಬ ವ್ರತದವರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರದೆ, ಫ್ರಾನ್ಸಿಗೆ ಹೋಗಿ ನಿರಾಶ್ರಿತರ ಸೇವೆಗೆ ನಿಂತರು. ಅಲ್ಲಿ ಜರ್ಮನರ ಕೈಗೆ ಸಿಕ್ಕಿ, ಬಾಡೆನ್-ಬಾಡೆನ್ ಊರಿನಲ್ಲಿ ಬಂಧನದಲ್ಲಿದ್ದು, 1944ರಲ್ಲಿ ತಾಯ್ನಾಡಿಗೆ ಮರಳಿದರು. ಆಮೇಲೆ ಹ್ಯಾವರ್‌ಫರ್ಡ್ ಕಾಲೇಜಿನ ಅಧ್ಯಕ್ಷರಾದರು. 1956ರ ಹೊತ್ತಿಗೆ ಮತ್ತೆ ಷಿಕಾಗೋ ವಿಶ್ವವಿದ್ಯಾನಿಲಯದ ಪ್ರೊಫೆಸರ್.

ಇನ್ನು ಅವರ ದೊಡ್ಡ ಶೋಧಕ್ಕೆ ಬರೋಣ. 1936ರ ಕಾಯಿದೆಯಡಿ ಕೋಟ್ಯಂತರ ಡಾಲರು ಸುರಿದು ಇಪ್ಪತ್ತು ವರ್ಷವಾಗಿತ್ತು. ಅಷ್ಟಾದ ಮೇಲೆ ಪ್ರವಾಹದ ನಷ್ಟ ಇಳಿದಿರಬೇಕಷ್ಟೆ? ವೈಟ್ ತಮ್ಮ ಶಿಷ್ಯರನ್ನು ಕಟ್ಟಿಕೊಂಡು ಹದಿನೇಳು ಊರುಗಳ ಹೊಳೆಬಯಲುಗಳನ್ನು ಅಳೆದು ನೋಡಿದರು. ವರದಿ 1958ರಲ್ಲಿ ಬಂತು. ನಷ್ಟ ಇಳಿದಿರಲಿಲ್ಲ, ಏರುತ್ತಲೇ ಇತ್ತು. ಕಾರಣವೇನೆಂದರೆ ಹೊಳೆಬಯಲಿನಲ್ಲಿ ಮನೆ, ಅಂಗಡಿ, ಕಾರಖಾನೆಗಳು ಮೊದಲಿಗಿಂತ ಹೆಚ್ಚಾಗಿದ್ದವು. ಮೇಲೆ ಅಣೆಕಟ್ಟು ಇದೆ, ಪಕ್ಕದಲ್ಲಿ ಒಡ್ಡು ಇದೆ, ಇನ್ನೇನು ಭಯ ಎಂದು ಜನ ಬಂದು ನೆಲೆಸಿದ್ದರು. ನಿವೇಶನ ಮಾರುವವನಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ? ಒಡ್ಡು ಸಣ್ಣ ಪೂರಗಳನ್ನು ತಡೆಯಿತು, ಸರಿ. ಆದರೆ ಎಂದೋ ಒಂದು ದಿನ ಒಡ್ಡನ್ನು ಮೀರುವ ಪೂರ ಬಂದಾಗ, ಅದರ ಹಿಂದೆ ಹತ್ತು ಮನೆ ಇದ್ದಲ್ಲಿ ನೂರು ಮನೆ ಸಿಕ್ಕುತ್ತಿದ್ದವು.

ಇದನ್ನು ಓದುವಾಗ ನನಗೆ ಕಂಡದ್ದು ಟೆನ್ನೆಸಿಯಲ್ಲ, ಮಲಪ್ರಭೆ. ಎಪ್ಪತ್ತರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ನೀರು ನಿಂತಿತು. ಕೆಳಗೆ ಹೊಳೆ ವರ್ಷದ ಬಹುಭಾಗ ಸೊರಗಿತು. ನೀರು ಬರದ ಪಾತ್ರದಲ್ಲಿ ಜಾಲಿ ಬೆಳೆಯಿತು, ಹೂಳು ಕೂಡಿತು, ದಂಡೆಯ ಹೊಲಗಳು ಪ್ರತಿ ವರ್ಷ ಒಂದೊಂದು ಗೆರೆ ಮುಂದೆ ಸರಿದವು. ಮಲಪ್ರಭೆಯ ಪಾತ್ರ ಒತ್ತುವರಿಯಾಗಿದೆ ಎಂಬುದು ಈಗ ಎಲ್ಲರ ಬಾಯಲ್ಲೂ ಇರುವ ಮಾತು. ನಾನು ರೈತನನ್ನು ಕಳ್ಳನೆನ್ನುತ್ತಿಲ್ಲ. ಹೊಳೆ ಸತ್ತಿತೆಂದು ಅವನಿಗೆ ತೋರಿಸಿದವರು ಯಾರು? 2019ರ ಆಗಸ್ಟಿನಲ್ಲಿ ಅಣೆಕಟ್ಟು ತುಂಬಿ ಬಾಗಿಲು ತೆರೆದಾಗ, ಸಾಯದ ಹೊಳೆ ತನ್ನ ಹಳೆಯ ಅಳತೆಯನ್ನು ಹುಡುಕಿಕೊಂಡು ಬಂತು. ಕೊಣ್ಣೂರು, ಹೊಳೆಆಲೂರು, ಮೆಣಸಗಿಯವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಅದೇ ಅಣೆಕಟ್ಟಿನ ಹೆಸರಿನಲ್ಲಿ ಇನ್ನೊಂದು ಕಿರ್ದಿಯೂ ಇತ್ತು. ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ರೈತರ ಮೇಲೆ ಅಭಿವೃದ್ಧಿ ಕರ ಹಾಕಿದರು. ನೀರೇ ಮುಟ್ಟದ ಹೊಲದವರಿಗೂ ನೋಟೀಸು ಹೋಯಿತು. ಅದರ ಫಲ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡೇಟು. ಲಾಭ ಯಾರಿಗೇ ಸೇರಲಿ ಎಂಬ ಅಮೆರಿಕೆಯ ಕಾಯಿದೆಯ ಷರತ್ತು ನಮ್ಮಲ್ಲಿ ಹೀಗೆ ತಿರುಗಿತ್ತು: ಲಾಭ ಬರಲಿ ಬಿಡಲಿ, ಕರ ಬರಬೇಕು!

‘ನೂರು ವರ್ಷಕ್ಕೊಮ್ಮೆ ಬರುವ ಪೂರ’ ಎಂಬ ಒಂದು ಮಾತು ಕಚೇರಿಗಳಲ್ಲಿ ಕೇಳಿಬರುತ್ತದೆ. ಈ ಮಾತು ಜನರನ್ನು ದಾರಿ ತಪ್ಪಿಸುತ್ತದೆ. ಈ ವರ್ಷ ಬಂದರೆ ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ, ಅಷ್ಟೆ. ಮೂವತ್ತು ವರ್ಷದ ಸಾಲ ತೆಗೆದು ಹೊಳೆಬಯಲಿನಲ್ಲಿ ಮನೆ ಕಟ್ಟಿದಿರಿ ಎನ್ನಿ. ಸಾಲ ತೀರುವುದರೊಳಗೆ ಅಂಥ ಪೂರ ಒಮ್ಮೆಯಾದರೂ ಬರುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಅಷ್ಟು ಜೂಜಿಗೆ ನಿಮ್ಮಲ್ಲಿ ಯಾವ ವ್ಯಾಪಾರಿ ತನ್ನ ಗಲ್ಲೆಯನ್ನು ಒಡ್ಡುತ್ತಾನೆ?

1966ರ ಹೊತ್ತಿಗೆ ಅಮೆರಿಕೆಯ ಸರಕಾರ ಪ್ರವಾಹ ನೀತಿಯನ್ನು ಪರಿಶೀಲಿಸಲು ಒಂದು ಕಾರ್ಯಪಡೆ ರಚಿಸಿತ್ತು. ಅದಕ್ಕೆ ವೈಟ್ ಅವರೇ ಅಧ್ಯಕ್ಷರು. ವಿಮೆಯನ್ನು ತರಬಹುದು, ಆದರೆ ಹೊಳೆಬಯಲಿನಲ್ಲಿ ಕಟ್ಟುವುದನ್ನು ಹದ್ದಿನಲ್ಲಿಡದೆ ಅಗ್ಗದ ವಿಮೆಯನ್ನು ಹಂಚಿದರೆ ರೋಗ ಇನ್ನೂ ಹೆಚ್ಚುತ್ತದೆ ಎಂದು ಅವರು ಎಚ್ಚರಿಸಿದರು. 1968ರಲ್ಲಿ ವಿಮೆ ಬಂತು. ಎಚ್ಚರಿಕೆಯ ಅರ್ಧವನ್ನು ಕೇಳಿದರು, ಅರ್ಧವನ್ನು ಬಿಟ್ಟರು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸಿನ ಒಡ್ಡುಗಳು ಒಡೆದು ಊರಿನ ಹತ್ತರಲ್ಲಿ ಎಂಟು ಪಾಲು ಮುಳುಗಿತು. ಸತ್ತವರು ಸಾವಿರಕ್ಕೂ ಹೆಚ್ಚು. ಮೋಟಾರು ಇದ್ದವರು ಮೊದಲೇ ಊರು ಬಿಟ್ಟಿದ್ದರು; ಇಲ್ಲದವರು ಸೂರಿನ ಮೇಲೆ ಹತ್ತಿ ಕೂತರು. ಆ ವಿಮೆಯ ಖಾತೆಯೋ, ಸಾಲದಲ್ಲಿ ಎಷ್ಟು ಮುಳುಗಿತೆಂದರೆ 2017ರಲ್ಲಿ ಅಲ್ಲಿಯ ಸಂಸತ್ತು 1600 ಕೋಟಿ ಡಾಲರನ್ನು ಮನ್ನಾ ಮಾಡಬೇಕಾಯಿತು. ರೈತನ ಸಾಲಮನ್ನಾ ಎಂದೊಡನೆ ಹೌಹಾರುವ ನಮ್ಮ ಅರ್ಥಪಂಡಿತರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ವೈಟ್ ತಮ್ಮ ದೇಶದ ಹೊಳೆಗಳಲ್ಲೇ ನಿಲ್ಲಲಿಲ್ಲ. 1961ರ ಸುಮಾರಿಗೆ ಆಗ್ನೇಯ ಏಷ್ಯಾದ ಮೆಕಾಂಗ್ ಹೊಳೆಯ ಯೋಜನೆಯನ್ನು ನೋಡಲು ಹೋದರು. ಅಲ್ಲಿ ಅಣೆಕಟ್ಟುಗಳ ನಕ್ಷೆಗಳು ಸಿದ್ಧವಾಗಿದ್ದವು. ದಂಡೆಯ ರೈತ ಏನು ಬೆಳೆಯುತ್ತಾನೆ, ಏನು ಬಯಸುತ್ತಾನೆ ಎಂದು ವಿಚಾರಿಸಿದವರು ಕಡಿಮೆ. ಮೊದಲು ಜನರನ್ನು ಅರಿಯಿರಿ, ಆಮೇಲೆ ಕಟ್ಟಿರಿ ಎಂದು ಅವರು ಸಲಹೆ ಕೊಟ್ಟರು. 1964ರಲ್ಲಿ, ವಿಯೆಟ್ನಾಂ ಯುದ್ಧ ಬೆಳೆಯುತ್ತಿದ್ದಾಗ, ಬಾಂಬಿನ ಬದಲು ಈ ಹೊಳೆಯನ್ನು ಎಲ್ಲ ದೇಶಗಳು ಕೂಡಿ ಬೆಳೆಸುವ ಮಾರ್ಗವಿದೆ ಎಂದು ಬರೆದರು. ಮರುವರ್ಷ ಅಧ್ಯಕ್ಷ ಜಾನ್ಸನ್ನರು ಮೆಕಾಂಗಿಗೆ ನೂರು ಕೋಟಿ ಡಾಲರಿನ ಆಸೆ ತೋರಿಸಿದರು. ಜೊತೆಗೆ ಬಾಂಬನ್ನೂ ಹಾಕುತ್ತಲೇ ಹೋದರು. ಸಾಮ್ರಾಜ್ಯಶಾಹಿಯ ಒಂದು ಕೈಯಲ್ಲಿ ಬೆಲ್ಲ ಇನ್ನೊಂದು ಕೈಯಲ್ಲಿ ಬರೆ. ಸಜ್ಜನನಾದ ಪಂಡಿತನ ಮಾತನ್ನು ಪ್ರಭುತ್ವವು ಬೆಲ್ಲಕ್ಕೆ ಮಾತ್ರ ಬಳಸಿಕೊಂಡಿತು.

ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಪತ್ನಿ ಆನ್ ವೈಟ್ ಮತ್ತು ಡೇವಿಡ್ ಬ್ರಾಡ್ಲಿ ಎಂಬ ವೈದ್ಯರೊಡನೆ ಪೂರ್ವ ಆಫ್ರಿಕಾದ ಕೆನ್ಯ, ಉಗಾಂಡ, ಟಾಂಜಾನಿಯಗಳ 34 ಸ್ಥಳಗಳಲ್ಲಿ, ಮನೆಮನೆಗೆ ನೀರು ಹೇಗೆ ಬರುತ್ತದೆ ಎಂದು ಅವರು ನೋಡಿದರು. ಪುಸ್ತಕ 1972ರಲ್ಲಿ ಬಂತು. ನೀರು ಹೊರುವವರು ಹೆಂಗಸರು ಮತ್ತು ಮಕ್ಕಳು. ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಕೊಡ, ಅದಕ್ಕಾಗಿ ಅವಳ ದೇಹದ ಎಷ್ಟು ಶಕ್ತಿ ಕರಗುತ್ತದೆ, ಎಲ್ಲವನ್ನೂ ಅಳೆದರು. ದೊಡ್ಡ ಅಣೆಕಟ್ಟಿನ ಎತ್ತರ ಅಳೆಯುವ ಪಂಡಿತರು ಸಾವಿರ ಸಿಗುತ್ತಾರೆ. ತಲೆಯ ಮೇಲಿನ ಕೊಡವನ್ನು ವಿದ್ಯೆಯ ವಿಷಯವೆಂದು ತಿಳಿದವರು ಎಷ್ಟು ಜನ? ಇಲ್ಲಿ ಕೂತಿರುವ ಅಕ್ಕಂದಿರು ಈ ಲೆಕ್ಕವನ್ನು ಯಾವ ಪ್ರೊಫೆಸರಿಗೂ ಹೇಳಿಕೊಡಬಲ್ಲರು. ಮೂವತ್ತು ವರ್ಷದ ನಂತರ ಬೇರೆಯವರು ಅದೇ ಸ್ಥಳಗಳಿಗೆ ಹೋಗಿ ನೋಡಿದಾಗ, ನಳವಿದ್ದ ಮನೆಗಳಲ್ಲಿ ತಲೆಗೆ ಸಿಗುತ್ತಿದ್ದ ನೀರು ಸುಮಾರು ಅರ್ಧಕ್ಕೆ ಇಳಿದಿತ್ತು. ನಳ ಇತ್ತು, ಅದರಲ್ಲಿ ನೀರು ಮೊದಲಿನಂತೆ ಬರುತ್ತಿರಲಿಲ್ಲ!

ಇಷ್ಟೆಲ್ಲ ಹೊಗಳಿದ ಮೇಲೆ ಜಗಳವನ್ನೂ ಮಾಡಬೇಕು. ವೈಟ್ ಅವರ ಇಡೀ ವಿಚಾರ ‘ಆಯ್ಕೆ’ ಎಂಬ ಒಂದು ಮಾತಿನ ಮೇಲೆ ನಿಂತಿದೆ. ಜನಕ್ಕೆ ದಾರಿಗಳು ತಿಳಿದಿಲ್ಲ, ಅಪಾಯದ ಅರಿವು ಕಡಿಮೆ. ತಿಳಿಸಿದರೆ ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ. 1970ರ ದಶಕದಿಂದ ಇದಕ್ಕೆ ಎದುರು ಮಾತು ಎದ್ದಿತು. ಬೆನ್ ವಿಸ್ನರ್, ಕೆನೆತ್ ಹೆವಿಟ್ ಮೊದಲಾದವರು ಕೇಳಿದರು: ಹೊಳೆದಂಡೆಯ ಬಡವ ಅಲ್ಲಿರುವುದು ಅಪಾಯ ತಿಳಿಯದೆಯೋ, ಬೇರೆಡೆ ಬಾಡಿಗೆ ಕೊಡಲಾಗದೆಯೋ? ಈ ಪ್ರಶ್ನೆಯ ಪಕ್ಕಕ್ಕೆ ನಾನು ನಿಲ್ಲುತ್ತೇನೆ. ಗಿರಣಿಯ ಕೂಲಿಗಾರನು ಹಳ್ಳದ ದಂಡೆಯ ತಗಡಿನ ಮನೆಯನ್ನು ‘ಆರಿಸಿಕೊಂಡ’ ಎನ್ನುವುದು, ಹಸಿದವನು ಉಪವಾಸವನ್ನು ಆರಿಸಿಕೊಂಡ ಎಂದ ಹಾಗೆ. ಆಯ್ಕೆಗೆ ಕಾಸು ಬೇಕು, ನೆಲ ಬೇಕು, ಕೂಲಿ ಸಿಗುವ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆ ಬೇಕು.

ಆದರೆ ಆತನನ್ನು ಪೂರ್ತಿ ತಳ್ಳಿಹಾಕಲೂ ನಾನು ಒಪ್ಪುವುದಿಲ್ಲ. 2009ರ ಪೂರದಲ್ಲಿ ನಮ್ಮ ನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಲು ‘ಆಸರೆ’ ಮನೆಗಳು ಎದ್ದವು. ವಿಚಾರ ಸರಿಯೇ, ವೈಟ್ ಅವರ ಪಟ್ಟಿಯಲ್ಲಿರುವುದೇ. ಆದರೂ ಹಲವು ಕಡೆ ಮನೆಗಳು ಖಾಲಿ ಬಿದ್ದವು. ದನ ಕಟ್ಟಲು ಜಾಗವಿಲ್ಲ, ಹಗೇವಿಗೆ ಎಡೆಯಿಲ್ಲ, ಹೊಲ ದೂರ, ಕೂಡು ಕುಟುಂಬಕ್ಕೆ ಒಂದೂವರೆ ಕೋಣೆ. ಕೇಳಿ ಕಟ್ಟಿದ್ದರೆ ಹೀಗಾಗುತ್ತಿತ್ತೆ? ಮನೆ ಕಟ್ಟಿಸಿದವರು ಬಡವನಿಗೆ ಆಯ್ಕೆ ಇಲ್ಲವೆಂದು ತಿಳಿದೇ, ಕೊಟ್ಟದ್ದಕ್ಕೆ ಹೋಗುತ್ತಾನೆ ಎಂದುಕೊಂಡರು. ಅವನು ಹೋಗಲಿಲ್ಲ. ಅಂದಮೇಲೆ ಅವನಿಗೂ ಒಂದು ಲೆಕ್ಕವಿತ್ತು. ಆ ಲೆಕ್ಕವನ್ನು ಮನೆಯಂಗಳದಲ್ಲಿ ಕೂತು ಕೇಳಿ ಬರೆದುಕೊಳ್ಳುವ ಪದ್ಧತಿ ವೈಟ್ ಅವರದು. ಅದನ್ನು ನಮ್ಮ ಚಳವಳಿಯೂ ಕಲಿಯಬೇಕು. ನಾವು ಸಭೆಗಳಲ್ಲಿ ಹೇಳುವುದು ಹೆಚ್ಚು, ಕೇಳುವುದು ಕಡಿಮೆ. ಈ ಹೊತ್ತಿನ ನನ್ನ ಭಾಷಣವೂ ಅದೇ ಜಾತಿಯದಾಯಿತು, ಇರಲಿ.

1970ರಿಂದ ಕೊನೆಯವರೆಗೂ ಅವರು ಬೌಲ್ಡರಿನಲ್ಲಿದ್ದರು. ನೈಸರ್ಗಿಕ ಅಪಾಯಗಳ ಅಧ್ಯಯನಕ್ಕೆ 1976ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಒಂದು ಕೇಂದ್ರ ಕಟ್ಟಿದರು. ಊರ ನಡುವೆ ಹರಿಯುವ ಹಳ್ಳದ ಬಗ್ಗೆ ನಗರಸಭೆಯನ್ನು ವರ್ಷಗಟ್ಟಲೆ ಎಚ್ಚರಿಸುತ್ತಲೇ ಇದ್ದರು. ಅವರು ಹೋದ ಏಳು ವರ್ಷಕ್ಕೆ, 2013ರ ಸೆಪ್ಟೆಂಬರಿನಲ್ಲಿ ಮಹಾಪೂರ ಬಂತು. ಹಳ್ಳದ ಪಕ್ಕದ ಬಯಲನ್ನು ತೋಟಕ್ಕೂ ಕಾಲುದಾರಿಗೂ ಬಿಟ್ಟಿದ್ದ ಕಡೆ ನೀರು ಹರಡಿಕೊಂಡು ಸರಿದುಹೋಯಿತು. ಉಳಿದ ಕಡೆಗಳಲ್ಲಿ ನಷ್ಟವಾಯಿತು. ಆ ಹಳ್ಳದ ದಂಡೆಗೆ ಅವರ ನೆನಪಿಗೆಂದು ಒಂದು ಕಂಬ ನಿಲ್ಲಿಸಿದ್ದಾರೆ. ದೊಡ್ಡವರ ಮೂರ್ತಿಯ ಹಾಗಲ್ಲ. ಎಂಥ ಪೂರ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಗುರುತುಗಳು ಅದರ ಮೇಲಿವೆ. ದಾರಿಯಲ್ಲಿ ಹೋಗುವವನು ತನ್ನ ಮೊಣಕಾಲಿಗೋ ತಲೆಗೋ ಅದನ್ನು ಹೋಲಿಸಿ ನೋಡಿಕೊಳ್ಳಬಹುದು.

ನಮ್ಮಲ್ಲಿ ಕಂಬಕ್ಕೆ ದುಡ್ಡು ಬೇಡ, ಒಂದು ಡಬ್ಬಿ ಕೆಂಪು ಬಣ್ಣ ಸಾಕು. ಕೊಣ್ಣೂರು, ಹೊಳೆಆಲೂರು, ಮೆಣಸಗಿ ಕಡೆಯವರು ಯಾರು ಯಾರು ಬಂದಿದ್ದೀರೋ, ಹೋಗುವ ಮುನ್ನ ಬಾಗಿಲ ಬಳಿ ಹೆಸರು ಬರೆಸಿರಿ. ನಿಮ್ಮ ಓಣಿಯಲ್ಲಿ 2009ರ ನೀರು ಎಲ್ಲಿಗೆ ಬಂದಿತ್ತು, 2019ರದು ಎಲ್ಲಿಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ, ಗುಡಿಯ ಗೋಡೆಗೋ ಶಾಲೆಯ ಗೋಡೆಗೋ ಗೆರೆ ಎಳೆದು ವರ್ಷ ಬರೆಯೋಣ. ಆ ಗೆರೆಯ ಕೆಳಗೆ ಹೊಸ ನಿವೇಶನಕ್ಕೆ ಒಪ್ಪಿಗೆ ಕೊಟ್ಟವರು ಯಾರು ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವ ಕೆಲಸ ಅದರ ಮರುದಿನದ್ದು. ರಾತ್ರಿ ಪಾಳಿಯವರಿಗೆ ಹೊತ್ತಾಗುತ್ತಿದೆ. ಅವರ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳೋಣ.